ಹನ್ನೊಂದರ ಅದುರು

ನಮ್ಮೂರು ಈಗ ಅದುರುವುದಿಲ್ಲ. ಹೊಸದಾಗಿ ಬಂದು ನೆಲೆಸಿದವರಿಗೆ ಇದನ್ನು ಹೇಳಿದರೆ, "ಹೌದಾ, ಒಳ್ಳೇದೇ ಆಯ್ತಲ್ಲಮ್ಮ" ಅನ್ನುತ್ತಾರೆ. ಏನು ಒಳ್ಳೆಯದು, ಮಣ್ಣು! ಅದುರುತ್ತಿದ್ದಾಗ ಈ ಊರಲ್ಲಿ ನನಗೊಂದು ಹೆಸರಿತ್ತು. ಸಿಂಬೆ ಚೆನ್ನಾಜಮ್ಮ ಎಂದರೆ ಕೆರೆ ಏರಿಯಿಂದ ಟಾಕೀಸಿನವರೆಗೆ ಯಾರು ಬೇಕಾದರೂ ನನ್ನ ಮನೆ ತೋರಿಸುತ್ತಿದ್ದರು. ಈಗ ಸಿಂಬೆ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿದೆ. ತೆಂಗಿನ ನಾರನ್ನೋ ಹಳೆಯ ಸೀರೆಯನ್ನೋ ಬಳೆಯ ಹಾಗೆ ಸುತ್ತಿ ಕೊಡದ ಕೆಳಗೆ ಇಡುತ್ತಾರಲ್ಲ, ಅದು. ಬೇರೆ ಊರುಗಳಲ್ಲಿ ಕೊಡ ಉರುಳದಿರಲಿ ಎಂದು ಇಡುತ್ತಿದ್ದರು. ನಮ್ಮೂರಲ್ಲಿ ಎಲ್ಲದರ ಕೆಳಗೂ ಇಡುತ್ತಿದ್ದೆವು.

ಎಲ್ಲದರ ಕೆಳಗೆ ಎಂದರೆ ಎಲ್ಲದರ ಕೆಳಗೆ. ಮಂಚದ ಕಾಲಿಗೆ, ಹೊಲಿಗೆ ಮಿಷನ್ನಿಗೆ, ಅಕ್ಕಿ ಡಬ್ಬಕ್ಕೆ, ದೇವರ ಪೆಟ್ಟಿಗೆಗೆ. ಹೆಣ್ಣು ಕೊಟ್ಟು ಕಳಿಸುವಾಗ ತವರಿನಿಂದ ಹನ್ನೆರಡು ಸಿಂಬೆ ಹೋಗಬೇಕಿತ್ತು. ಹನ್ನೊಂದು ಹೋದರೆ ಬೀಗಿತ್ತಿ ಮುಖ ತಿರುಗಿಸುತ್ತಿದ್ದಳು. ಬರೀ ನೆಲದ ಮೇಲೆ ಸಾಮಾನು ಇಡುವುದೆಂದರೆ ಮಾನ ಬಿಟ್ಟ ಕೆಲಸ. ಲೋಟಕ್ಕೆ ಕಾಫಿ ಮುಕ್ಕಾಲು ಮಾತ್ರ. ಅಂಚಿನವರೆಗೆ ಬಗ್ಗಿಸಿದವರು ಪರಸ್ಥಳದವರೆಂದು ತಕ್ಷಣ ಗೊತ್ತಾಗುತ್ತಿತ್ತು. ನಮ್ಮೂರಿನಿಂದ ಹೋದ ಕಾಗದ ಓದಿದವರು, ಬರೆದವರಿಗೆ ಎಂಬತ್ತು ದಾಟಿದೆ ಎಂದುಕೊಳ್ಳುತ್ತಿದ್ದರು. ನನ್ನ ಚಿಕ್ಕಪ್ಪನಿಗೆ ಬಂದಿದ್ದ ಒಂದು ಸಂಬಂಧ ಅಕ್ಷರದ ದೆಸೆಯಿಂದಲೇ ಮುರಿದುಬಿತ್ತು. ನೆಲದ ಅದುರು ನಿಲ್ಲುತ್ತಲೇ ಇರಲಿಲ್ಲ, ಆದರೆ ಹೊತ್ತಿಗೊಂದು ಬಗೆ. ಬೆಳಿಗ್ಗೆ ಆರರದ್ದು ಜರಡಿ ಆಡಿಸಿದಂತೆ ಸಣ್ಣಗೆ. ಹನ್ನೊಂದರದ್ದು ಎರಡು ದಪ್ಪ, ಒಂದು ಸಣ್ಣ, ಮತ್ತೆ ಎರಡು ದಪ್ಪ, ಒಂದು ಸಣ್ಣ. ಮಧ್ಯಾಹ್ನ ಒಂದಕ್ಕೆ ಕೊಂಚ ಸಡಿಲವಾಗುತ್ತಿತ್ತು. ಕ್ಷೌರದವರು, ಅಕ್ಕಸಾಲಿಗರು, ತಾಳಿ ಕಟ್ಟುವ ಮದುಮಕ್ಕಳು ಎಲ್ಲರೂ ಆ ಹೊತ್ತಿಗೇ ಕಾಯುತ್ತಿದ್ದರು. ಗಡಿಯಾರ ನೋಡುವ ಅಭ್ಯಾಸ ನಮಗೆ ಕಡಿಮೆ. ಎಷ್ಟು ಹೊತ್ತಾಯಿತೆಂದು ಅಂಗಾಲಿಗೇ ಗೊತ್ತಾಗುತ್ತಿತ್ತು.

ನಮ್ಮವ್ವ ಕೊಡಕ್ಕೆ, ಮಂಚಕ್ಕೆ ಸಿಂಬೆ ಸುತ್ತಿ ನನ್ನನ್ನು ಸಾಕಿದಳು. ನನ್ನ ಕಾಲಕ್ಕೆ ಊರಿಗೆ ಹಾಡಿನ ಸೆಟ್ಟುಗಳು ಬಂದವು. ಟಾಕೀಸಿನ ಎದುರಿಗೆ ಫಕ್ರುದ್ದೀನ್ ಸಾಬರು ಸೌಂಡ್ ಅಂಗಡಿ ಇಟ್ಟರು. ಪ್ಲೇಟು ತಿರುಗಿಸುವ ಪೆಟ್ಟಿಗೆ ಒಂದು, ಗಟ್ಟಿ ಮಾಡುವ ಪೆಟ್ಟಿಗೆ ಒಂದು, ಎರಡು ಬದಿಗೆ ಎರಡು ಸ್ಪೀಕರು. ಇದಕ್ಕೆ ಹೈ-ಫೈ ಅನ್ನುತ್ತಾರೆ ಎಂದು ಅವರು ಗತ್ತಿನಲ್ಲಿ ಹೇಳುತ್ತಿದ್ದರು. ಗತ್ತೆಲ್ಲ ಸರಿ, ಮುಳ್ಳು ನಿಲ್ಲಬೇಕಲ್ಲ? ಪ್ಲೇಟಿನ ಮೇಲೆ ಮುಳ್ಳು ಕುಣಿಯುತ್ತಿತ್ತು. ಹಾಗಾಗಿ ಸೆಟ್ಟು ಕೊಂಡವರೆಲ್ಲ ಮೊದಲು ನನ್ನ ಮನೆಗೆ ಬರುತ್ತಿದ್ದರು. ಅವರಿಗಾಗಿಯೇ ನಾನು ಮೂರು ಸುತ್ತಿನ ಸಿಂಬೆ ಮಾಡಿದೆ: ಕೆಳಗೆ ನಾರು, ನಡುವೆ ಜಟಕಾ ಕುದುರೆಯ ಬಾಲದ ಕೂದಲು, ಮೇಲೆ ಹಳೆಯ ರೇಷ್ಮೆ ಸೀರೆ. ಅದರ ಮೇಲಿಟ್ಟರೆ ಹಾಡು ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ನೀಟಾಗುತ್ತದೆ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಜನ ತಲೆದೂಗುತ್ತಿದ್ದರು.

ಸಾಬರು ಮಾತ್ರ ಒಪ್ಪಲಿಲ್ಲ. "ಅರೆ ಚೆನ್ನಾಜಮ್ಮಾ, ಮುಳ್ಳು ಕುಣೀಬಾರ್ದು, ಅಷ್ಟಕ್ಕೆ ಸಿಂಬೆ ಬೇಕು, ನಾನೂ ಒಪ್ತೀನಿ. ಸಂತೇಲಿ ಸಿಗೋ ಒಂದು ಸುತ್ತಿಂದು ಸಾಕು. ಕುದುರೆ ಕೂದ್ಲು, ರೇಷ್ಮೆ, ಇದೆಲ್ಲ ನಿಮ್ಮ ಮನಸ್ಸಿನ ಆಟ" ಅಂದರು. ನನಗೆ ಎಲ್ಲಿತ್ತೋ ಸಿಟ್ಟು. "ನಿಮ್ ಕಿವಿಗೆ ಏನ್ ಬಡ್ದೈತೆ ಸಾಬರೇ? ನೂರು ಜನ ಕೇಳಿ ಚೆಂದ ಅಂದವ್ರೆ" ಅಂದೆ. "ನೂರು ಜನ ಬೇಡ, ನೀವೊಬ್ರು ಹೇಳಿ ಸಾಕು" ಎಂದು ಅವರು ಅಂಗಡಿಗೆ ಅಡ್ಡಲಾಗಿ ಒಂದು ಜಮಖಾನ ಕಟ್ಟಿದರು. ನಾನು ಈಚೆ, ಸೆಟ್ಟು ಆಚೆ. ಒಂದೇ ನಾಗಸ್ವರದ ಪ್ಲೇಟನ್ನು ಹತ್ತು ಸಲ ಹಾಕಿದರು. ಕೆಳಗೆ ಒಮ್ಮೆ ನನ್ನ ಸಿಂಬೆ, ಒಮ್ಮೆ ಇನ್ನೇನೋ. ಯಾವುದು ನನ್ನದೆಂದು ಪ್ರತಿ ಸಲ ನಾನು ಹೇಳಬೇಕು.

ಹತ್ತರಲ್ಲಿ ನಾಲ್ಕು ಸರಿ ಹೇಳಿದೆ. ಏಳನೆಯ ಸಲವಂತೂ ನಾಗಸ್ವರ ಎಷ್ಟು ಇಂಪಾಗಿ ಕೇಳಿಸಿತೆಂದರೆ ಕಣ್ಣಲ್ಲಿ ನೀರು ಬಂತು. "ಇದು ನಂದೇ! ಇದು ನಮ್ಮವ್ವನಾಣೆಗೂ ನಂದೇ!" ಅಂದೆ. ಸಾಬರು ಜಮಖಾನ ಸರಿಸಿದರು. ಕೆಳಗೆ ಇದ್ದದ್ದು ಮಡಿಸಿದ ಸೈಕಲ್ ಟ್ಯೂಬು. ಅವರು ನಗಲಿಲ್ಲ. ನಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ. "ಕೂತ್ಕಳಿ, ಟೀ ತರಿಸ್ತೀನಿ" ಅಂದರು. ನಾನು ಟೀ ಕುಡಿಯದೆ ಎದ್ದು ಬಂದೆ. ಆಮೇಲೆ ಒಂದು ವರ್ಷ ಟಾಕೀಸಿನ ಬೀದಿಗೆ ಕಾಲಿಡಲಿಲ್ಲ. ಮೂರು ಸುತ್ತಿನ ಸಿಂಬೆ ಮಾಡುವುದನ್ನು ಮಾತ್ರ ಬಿಡಲಿಲ್ಲ.

ಹೀಗಿರುವಾಗ ಒಂದು ದಿನ ಪೋಸ್ಟ್ ಮೇಷ್ಟ್ರು ಮರಿಸಿದ್ದಯ್ಯನವರು ನನ್ನ ಮನೆಗೆ ಬಂದರು. ನಿವೃತ್ತಿಯಾಗಿ ಮೂರು ವರ್ಷವಾಗಿತ್ತು. ಹೆಂಡತಿ ನೀಲಮ್ಮ ತೀರಿಕೊಂಡು ಹನ್ನೊಂದು ವರ್ಷ. ಮಕ್ಕಳಿರಲಿಲ್ಲ. ಎಡಗಿವಿ ಪೂರ್ತಿ ಹೋಗಿತ್ತು, ಹಾಗಾಗಿ ಮಾತಾಡುವಾಗ ಬಲಗಿವಿಯನ್ನು ನಮ್ಮ ಕಡೆ ತಿರುಗಿಸಿ ಗೋಡೆ ನೋಡುತ್ತಿದ್ದರು. ಕಂಕುಳಲ್ಲಿ ಒಂದು ಟವಲು ಸುತ್ತಿದ ಗಂಟಿತ್ತು. ಬಿಚ್ಚಿದರೆ ಒಂದು ಕಪ್ಪು ಪ್ಲೇಟು.

"ಬಲಗಿವಿನೂ ಹೋಗ್ತಾ ಇದೆ ಚೆನ್ನಾಜಮ್ಮ. ಉಗಾದಿ ಹೊತ್ತಿಗೆ ಏನೂ ಕೇಳಿಸಲ್ಲ ಅಂದ್ರು ಡಾಕ್ಟರು. ಅಷ್ಟರಲ್ಲಿ ಇದ್ರಲ್ಲಿ ನಮ್ಮನೆಯವಳು ಏನು ಹೇಳವ್ಳೆ ಅಂತ ಒಂದ್ಸಲ ನೆಟ್ಟಗೆ ಕೇಳ್ಬೇಕು" ಅಂದರು.

ಆ ಪ್ಲೇಟನ್ನು ನೋಡಿದ ಕೂಡಲೇ ನನಗೆ ಮೈ ಉರಿಯಿತು. ಅದು ಯಾರು ಮಾಡಿದ ಪ್ಲೇಟೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನಗೆ ಹದಿನೆಂಟು ವರ್ಷವಾಗಿದ್ದಾಗ ಪರಸ್ಥಳದವನೊಬ್ಬ ಪ್ಲೇಟು ಕೊರೆಯುವ ಮಿಷನ್ನು ತಂದು ಛತ್ರದಲ್ಲಿ ಇಳಿದುಕೊಂಡಿದ್ದ. ನಿಮ್ಮ ದನಿ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ತಮಟೆ ಹೊಡೆಸಿದ್ದ. ಊರೆಲ್ಲ ಸಾಲು ನಿಂತಿತು. ಅವ್ವ ಮತ್ತು ನಾನು ಒಳ್ಳೆಯ ನಾಲ್ಕು ಸಿಂಬೆ ತೆಗೆದುಕೊಂಡು ಹೋಗಿ, ಮಿಷನ್ನಿನ ಕೆಳಗೆ ಇಡಪ್ಪ ಅಂದೆವು. ಅವನು ನಕ್ಕ. "ಕೊಡ ಇಡೋದರ ಮೇಲೆ ಮಿಷನ್ ಇಡ್ತಾರೇನಮ್ಮ? ತಗೊಂಡು ಹೋಗಿ" ಅಂದ. ಅಂದವನು ಆ ಮಿಷನ್ನನ್ನು ನಮ್ಮ ಕಣ್ಣೆದುರಿಗೇ ಬರೀ ನೆಲದ ಮೇಲೆ ಇಟ್ಟ. ಯಾರೋ ಬೀದಿಯಲ್ಲಿ ಬಟ್ಟೆ ಬಿಚ್ಚಿ ನಿಂತಹಾಗೆ ನಮ್ಮವ್ವ ಕಣ್ಣು ಮುಚ್ಚಿಕೊಂಡಳು. "ಕೊಬ್ಬು ನೋಡು ಇವಂಗೆ" ಅಂದಳು ಆಚೆ ಬಂದ ಮೇಲೆ. ಅವಳ ಬಾಯಿಂದ ಬಂದದ್ದೇ ಆಯಿತು. ಒಂದು ವಾರದಲ್ಲಿ ಅವನು ಕೊರೆದ ಪ್ಲೇಟುಗಳನ್ನು ಸಿಂಬೆಯ ಮೇಲಿನ ಗ್ರಾಮಾಫೋನಿಗೆ ಹಾಕಿದರೆ ಎಲ್ಲದರಲ್ಲೂ ದನಿಗಳು ನಡುಗುತ್ತಿದ್ದವು, ಒಂದು ಪದವೂ ತಿಳಿಯುತ್ತಿರಲಿಲ್ಲ. ಜನ ಅವನ್ನು ಉಪ್ಪಿನಕಾಯಿ ಜಾಡಿಗೆ ಮುಚ್ಚಳ ಮಾಡಿಕೊಂಡರು. ನಮ್ಮ ಸಿಂಬೆ ಬೇಡವೆಂದದ್ದಕ್ಕೆ ಸರಿಯಾದ ಶಾಸ್ತಿ ಎಂದು ನಾನು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ.

ನೀಲಮ್ಮನಿಗೂ ಆಗ ಆಸೆಯಾಗಿತ್ತಂತೆ. ಅಂದು ಬೆಳಿಗ್ಗೆ ಗಂಡನನ್ನು ಕೇಳಿದಳಂತೆ. "ಹುಳಿ ಕುದೀತಾ ಇತ್ತು. ನನಗೆ ಆಫೀಸಿಗೆ ಹೊತ್ತಾಗಿತ್ತು. ನಿನ್ನ ದನಿ ಯಾರಿಗೆ ಬೇಕು, ಮನೇಲಿ ದಿನಾ ಕೇಳೋದು ಸಾಲ್ದಾ ಅಂದುಬಿಟ್ಟೆ. ಮನಸ್ಸು ತಡೀದೆ ನಾನೇ ಆಮೇಲೆ ಬಂದು ಕರ್ಕೊಂಡು ಹೋದೆ. ಒಬ್ಬರೇ ಒಳಗಿರ್ಬೇಕು ಅಂದು ಅವನು ನನ್ನ ಆಚೆ ನಿಲ್ಲಿಸಿ ಬಾಗಿಲು ಹಾಕ್ಕೊಂಡ. ಹಸೆ ಹಾಡು ಎರಡು ಸಾಲು ಹಾಡಿದ್ಲು, ಅದು ಕೇಳಿಸ್ತು. ಆಮೇಲೆ ಮೆಲ್ಲಗೆ ಏನೋ ಮಾತಾಡಿದ್ಲು. ಅದೇನು ಅಂತ ಇವತ್ತಿನವರೆಗೂ ಗೊತ್ತಿಲ್ಲ" ಅಂದರು ಮೇಷ್ಟ್ರು.

"ಕೇಳ್ಲಿಲ್ವ ನೀವು?" ಅಂದೆ.

"ಕೇಳ್ದೆ ಇರ್ತೀನಾ? ಹತ್ತು ವರ್ಷ ಕೇಳಿದೀನಿ. ಊಟಕ್ಕೆ ಕೂತಾಗ, ಬಟ್ಟೆ ಒಣಗಿಸುವಾಗ, ಹೇಳೇ ಅಂತಿದ್ದೆ. ಪ್ಲೇಟಲ್ಲಿ ಇದ್ಯಲ್ಲ, ಕೇಳ್ಕಳಿ ಅಂತ ನಗೋಳು. ನಮ್ಮಿಬ್ಬರಿಗೆ ಅದೊಂದು ಆಟ ಆಗ್ಹೋಗಿತ್ತು. ಯಾವತ್ತೋ ಒಂದಿನ ಹೇಳ್ತಾಳೆ ಬಿಡು ಅಂತ ನಾನೂ ಸುಮ್ಮನಿದ್ದೆ. ಹೇಳದೇನೇ ಹೋಗ್ಬಿಟ್ಲು." ಅವರು ಗೋಡೆ ನೋಡುತ್ತಲೇ ಇದ್ದರು. "ನನ್ನ ಮಾತಿಗೆ ಉತ್ತರ ಕೊಟ್ಟವ್ಳೆ ಚೆನ್ನಾಜಮ್ಮ. ಬೈದಿದ್ರೂ ಸರಿ. ನಂಗೆ ಅದು ಬೇಕು."

ನಾನು ಸಿಟ್ಟು, ಹಠ ಎಲ್ಲ ಕಟ್ಟಿಟ್ಟು ನನ್ನ ಅತ್ಯುತ್ತಮವಾದ ನಾಲ್ಕು ಸಿಂಬೆ ಎತ್ತಿಕೊಂಡು ಸಾಬರ ಅಂಗಡಿಗೆ ಹೋದೆ. ಸಾಬರು ಒಂದು ವರ್ಷದ ಮಾತೇ ಎತ್ತಲಿಲ್ಲ. ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ ತುಟಿ ಕಚ್ಚಿಕೊಂಡರು. "ಇದು ಅಂಗಡೀಲಿ ಬರೋ ಪ್ಲೇಟಲ್ಲ ಮೇಷ್ಟ್ರೇ, ಮೆತ್ತಗೆ. ಮುಳ್ಳು ಇಟ್ಟಾಗೆಲ್ಲ ಒಂದು ಪದರ ಹೋಗ್ತದೆ. ಇನ್ನು ಐದು ಸಲ ಬರಬಹುದು. ಆಮೇಲೆ ಬರೀ ಗರಗರ" ಅಂದರು. ಮೇಷ್ಟ್ರು ಕೈಬೆರಳು ಐದನ್ನೂ ಬಿಡಿಸಿ ನೋಡಿ ಮತ್ತೆ ಮಡಿಸಿಕೊಂಡರು.

ಮೊದಲನೆಯ ಸಲ ಸಂತೆಯ ಸಿಂಬೆ ಮೇಲೆ ಹಾಕಿದೆವು. ಆರಂಭಕ್ಕೆ ಒಂದು ಗಂಟೆಯ ಶಬ್ದ ಢಣ್ ಢಣ್ ಎಂದು ಕೇಳಿತು. ಸ್ಕೂಲಿನ ಇಂಟರ್‌ವಲ್ ಬೆಲ್ಲು, ಛತ್ರದ ಹಿಂದೆಯೇ ಸ್ಕೂಲು ಇತ್ತಲ್ಲ. ಅದಾದ ಮೇಲೆ ಒಂದು ಹೆಣ್ಣು ದನಿ, ಚಳಿಯಲ್ಲಿ ಮುಳುಗಿ ಎದ್ದವರು ಮಾತಾಡಿದ ಹಾಗೆ ಗಡಗಡ. ಮೇಷ್ಟ್ರು ಬಲಗಿವಿಯನ್ನು ಸ್ಪೀಕರಿಗೆ ಒತ್ತಿಕೊಂಡು ಕೂತಿದ್ದರು. "ಇಲ್ಲ" ಅಂದರು.

ಎರಡನೆಯ ಸಲ ಮಾರನೆಯ ಸಂಜೆ. ನನ್ನ ಮೂರು ಸುತ್ತಿನ ನಾಲ್ಕು ಸಿಂಬೆ ಇಟ್ಟು, ಅವ್ವನನ್ನು ನೆನೆದು ಕೈಮುಗಿದೆ. ಮುಳ್ಳು ಇಳಿಯಿತು. ಅಯ್ಯೋ, ಏನು ಹೇಳಲಿ! ಬೆಲ್ಲು ಮೊದಲಿಗಿಂತ ನಿಚ್ಚಳ. ಆ ಮಿಷನ್ನಿನವನು ಕೆಮ್ಮಿದ್ದೂ ಕೇಳಿಸಿತು. ಆದರೆ ನೀಲಮ್ಮನ ದನಿಯ ನಡುಕವೂ ಅಷ್ಟೇ ನಿಚ್ಚಳವಾಗಿ ಕೇಳಿಸಿತು. ಮೊದಲು ಮಂಜಿನಲ್ಲಿ ನಡುಗುತ್ತಿದ್ದಳು, ಈಗ ಬಿಸಿಲಲ್ಲಿ ನಿಂತು ನಡುಗುತ್ತಿದ್ದಳು. ಸಾಬರು ನನ್ನ ಕಡೆ ನೋಡಿ, "ನಿಮ್ ಸಿಂಬೆ ಕೆಲಸ ಮಾಡ್ತದೆ ಚೆನ್ನಾಜಮ್ಮಾ, ಒಪ್ಪಿದೆ. ಆದ್ರೆ ಏನು ಪ್ರಯೋಜನ?" ಅಂದರು. ಒಂದು ವರ್ಷದಿಂದ ಕಾದಿದ್ದ ಮಾತು ಅವರ ಬಾಯಿಂದ ಬಂದಾಗ ನನಗೆ ಒಂದು ಚೂರೂ ಖುಷಿಯಾಗಲಿಲ್ಲ.

ಮೂರನೆಯ ಸಲಕ್ಕೆ ನಾವಿಬ್ಬರೂ ಪಂಥಕ್ಕೆ ಬಿದ್ದವರಂತೆ ನಾಲ್ಕು ದಿನ ಒದ್ದಾಡಿದೆವು. ಮರಳಿನ ತಟ್ಟೆ, ಅದರ ಮೇಲೆ ಸೈಕಲ್ ಟ್ಯೂಬು, ಅದರ ಮೇಲೆ ಕಡಪ ಕಲ್ಲು, ಅದರ ಮೇಲೆ ನನ್ನ ಸಿಂಬೆ; ಸಾಲದೆಂದು ಇಡೀ ಹಲಗೆಯನ್ನು ಮಾಡಿನ ತೊಲೆಗೆ ನಾಲ್ಕು ಹಗ್ಗದಿಂದ ತೂಗುಹಾಕಿದೆವು. ಮೇಲೆ ಒಂದು ಲೋಟ ನೀರಿಟ್ಟು ನೋಡಿದರೆ ನೀರು ಕಲ್ಲಿನ ಹಾಗೆ ನಿಂತಿತ್ತು. ನಮ್ಮೂರಲ್ಲಿ ಅಂಥ ನೀರನ್ನು ಯಾರೂ ಕಂಡಿರಲಿಲ್ಲ. ಬೀದಿಯವರು ಬಂದು ನೋಡಿಕೊಂಡು ಹೋದರು. ಪ್ಲೇಟು ಹಾಕಿದೆವು. ನಡುಕ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಎರಡು ದಪ್ಪ, ಒಂದು ಸಣ್ಣ, ಎಣಿಸಬಹುದಿತ್ತು. ಮೇಷ್ಟ್ರು ಪ್ಲೇಟನ್ನು ಟವಲಿನಲ್ಲಿ ಸುತ್ತಿಕೊಂಡು, "ನಿಮಗೆ ತುಂಬ ತೊಂದ್ರೆ ಕೊಟ್ಟೆ. ಇನ್ನೆರಡು ಸಲ ಉಳಿದೈತೆ, ಹಂಗೇ ಇರ್ಲಿ" ಎಂದು ಎದ್ದರು. ಬಾಗಿಲು ದಾಟುವಾಗ ನಾನು ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಅಳು ಬಂದುಬಿಟ್ಟಿತು ನನಗೆ.

ಆ ವಾರದ ಸಂತೆಗೆ ಸಿಂಬೆ ಹೇರಿಕೊಂಡು ಜಟಕಾದಲ್ಲಿ ಹೋಗುತ್ತಿದ್ದೆ. ದಾರಿಯೋ ದೇವರಿಗೇ ಪ್ರೀತಿ, ಹಲ್ಲು ಹಲ್ಲಿಗೆ ಬಡಿಯುತ್ತಿತ್ತು. ಎದುರಿಗೆ ಒಬ್ಬ ಹೆಂಗಸು ಕೂತಿದ್ದಳು. ಅವಳ ಮೂಗುಬೊಟ್ಟಿನ ಹರಳನ್ನೇ ನೋಡುತ್ತಾ ಕೂತಿದ್ದೆ, ಬೇರೆ ಕೆಲಸವೇನಿತ್ತು. ಗಾಡಿ ಎಷ್ಟು ಕುಲುಕಿದರೂ ಆ ಹರಳು ನನ್ನ ಕಣ್ಣೆದುರು ಅಲ್ಲಾಡಲಿಲ್ಲ. ಅವಳು ಮೇಲೆದ್ದಾಗ ನಾನೂ ಮೇಲೆ, ಅವಳು ಕೆಳಗೆ ಬಿದ್ದಾಗ ನಾನೂ ಕೆಳಗೆ. ಅದೇ ಹೊತ್ತಿಗೆ ದಾರಿ ಬದಿಯಲ್ಲಿ ನಿಂತಿದ್ದ ಅವಳ ನೆಂಟರ ಹೆಂಗಸೊಬ್ಬಳು ಅವಳನ್ನು ಕೂಗಿ, "ಏನೇ, ಹಿಂಗೆ ಕುಣೀತಾ ಹೊಂಟೀಯಾ?" ಅಂದಳು. ನಿಂತವಳಿಗೆ ಕುಣಿತ ಕಂಡಿತು. ಜೊತೆಯಲ್ಲಿ ಕೂತವಳಿಗೆ ಕಾಣಲಿಲ್ಲ.

"ನಿಲ್ಸಯ್ಯಾ!" ಎಂದು ಕಿರುಚಿದೆ. ಜಟಕಾದವನು ಹೆದರಿ ಲಗಾಮು ಎಳೆದ. ಸಿಂಬೆ ಗಂಟನ್ನು ಅಲ್ಲೇ ಬಿಟ್ಟು ನಡೆದುಕೊಂಡು ವಾಪಸು ಬಂದೆ. ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಂಡೆ. ಇಪ್ಪತ್ತೆರಡು ವರ್ಷದಿಂದ, ಅವನು ಮಿಷನ್ನನ್ನು ಬರೀ ನೆಲದ ಮೇಲೆ ಇಟ್ಟ, ನೆಲದ ಮೇಲೆ ಇಟ್ಟ ಎಂದು ಊರಿಗೆಲ್ಲ ಸಾರಿದವಳು ನಾನು. ಅವನಿಗೆ ಬಯ್ಯುವುದರಲ್ಲೇ ನನ್ನ ಬುದ್ಧಿಯೆಲ್ಲ ಖರ್ಚಾಗಿತ್ತು. ಅದುರುವ ನೆಲವೇ ಗಾಡಿ, ನೀಲಮ್ಮ ಆ ಗಾಡಿಯಲ್ಲಿ ಕೂತು ಮಾತಾಡಿದ್ದಳು. ನಾವು ದಾರಿ ಬದಿಯಲ್ಲಿ, ಅದೂ ಸಿಂಬೆ ಹಾಕಿಕೊಂಡು, ನಿಂತು ಕೇಳುತ್ತಿದ್ದೆವು.

ಸಾಬರಿಗೆ ಹೇಳಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. "ನೆಲದ ಮೇಲಾ? ಬರೀ ನೆಲದ ಮೇಲಾ? ಏನಮ್ಮಾ, ಮೈಗೆ ಹುಷಾರಿಲ್ವಾ?" ಅಂದರು. ಹಲಗೆ, ಇಟ್ಟಿಗೆ, ಸ್ಪಂಜು, ಮರಳು ಎಲ್ಲ ಇಟ್ಟು ನೋಡಿದ ಮನುಷ್ಯ. ಏನೂ ಇಡದೆ ನೋಡಬಹುದೆಂದು ಅವರ ತಲೆಗೂ ಹೊಳೆದಿರಲಿಲ್ಲ. ನಮ್ಮೂರಲ್ಲಿ ಹುಟ್ಟಿದ ಯಾರಿಗೂ ಹೊಳೆಯುತ್ತಿರಲಿಲ್ಲ. "ಸಿಂಬೆ ಮಾರೋಳು ನೀವೇ ಹೇಳ್ತಿದೀರಾ ಇದನ್ನ?" ಎಂದು ಮತ್ತೆ ಕೇಳಿದರು. "ಹ್ಞೂಂ, ನಾನೇ ಹೇಳ್ತಿದೀನಿ. ಈ ಪ್ಲೇಟಿಗೆ ನನ್ನ ಸಿಂಬೆ ಬ್ಯಾಡ. ಜಮಖಾನನೂ ಕಟ್ಟಬ್ಯಾಡಿ, ಎಲ್ಲರೂ ನೋಡ್ಲಿ" ಅಂದೆ. ಹೊತ್ತು ಯಾವುದೆಂದು ಬೆಲ್ಲೇ ಹೇಳುತ್ತಿತ್ತು. ಇಂಟರ್‌ವಲ್ ಬೆಲ್ಲು ಅಂದೂ ಹನ್ನೊಂದಕ್ಕೆ, ಇಂದೂ ಹನ್ನೊಂದಕ್ಕೆ.

ಮಾರನೆಯ ಬೆಳಿಗ್ಗೆ ಮೇಷ್ಟ್ರನ್ನು ಕರೆಸಿದೆವು. ಸಾಬರು ಅಂಗಡಿಯ ನೆಲ ಗುಡಿಸಿ, ಒರೆಸಿ, ಒಣಗಲು ಬಿಟ್ಟಿದ್ದರು. ಸೆಟ್ಟನ್ನು ಎತ್ತಿಕೊಂಡು ಬಗ್ಗಿದರು, ಮತ್ತೆ ಎದ್ದರು, ಮತ್ತೆ ಬಗ್ಗಿದರು, ಕೈ ಬರಲೊಲ್ಲದು. ಕೊನೆಗೆ ಒಂದು ಕಡೆ ನಾನು ಹಿಡಿದುಕೊಂಡು ಇಬ್ಬರೂ ಕಣ್ಣು ಮುಚ್ಚಿ ಇಳಿಸಿದೆವು. ಅಂಗಾಲಿನ ಕೆಳಗೆ ಹತ್ತರ ಅದುರು ತೆಳ್ಳಗಾಗುತ್ತಾ ಬಂದು ಹನ್ನೊಂದರದ್ದು ಶುರುವಾಯಿತು. ಎರಡು ದಪ್ಪ, ಒಂದು ಸಣ್ಣ. ಸ್ಕೂಲಿನ ಬೆಲ್ಲು ಹೊಡೆಯಿತು. ಸಾಬರು ಮುಳ್ಳು ಇಳಿಸಿದರು. ಪ್ಲೇಟಿನೊಳಗಿನ ಬೆಲ್ಲೂ ಹೊಡೆಯಿತು.

ಹಸೆ ಹಾಡಿನ ಎರಡು ಸಾಲು ನೆಟ್ಟಗೆ, ಒಂದು ನೂಲೂ ಬಾಗದೆ ಬಂತು. ನೀಲಮ್ಮನ ದನಿ ಸ್ವಲ್ಪ ಗಡುಸು, ನಾನು ಮರೆತೇಬಿಟ್ಟಿದ್ದೆ. ಹಾಡು ನಿಂತಿತು. ಸಣ್ಣಗೆ ನಕ್ಕಳು. ಆಮೇಲೆ, "ಮುಂದಿಂದು ಮರ್ತೋಯ್ತು ಕಣಪ್ಪ. ಇನ್ನೂ ತಿರುಗ್ತಾ ಐತಾ? ಏನಾದ್ರೂ ಮಾತಾಡ್ಲಾ?" ಅಂದಳು. ಮೇಷ್ಟ್ರು ಬಲಗಿವಿಯನ್ನು ಸ್ಪೀಕರಿಗೆ ಇನ್ನಷ್ಟು ಒತ್ತಿಕೊಂಡರು. "ರೀ, ನಿನ್ನ ದನಿ ಯಾರಿಗೆ ಬೇಕು ಅಂದ್ರಲ್ಲ. ಬಾಗ್ಲು ಸಂದಿ ಕೆಳಗೆ ನಿಮ್ಮ ಪಾದ ಕಾಣ್ತಾ ಐತೆ. ಆಗಿಂದ ಅಲ್ಲೇ ನಿಂತಿದೀರಿ, ಕಿವಿ ಕೊಟ್ಕಂಡು. ನಿಮಗೇ ಬೇಕು ಬಿಡಿ, ಇನ್ಯಾರಿಗೆ?" ಮತ್ತೆ ಸಣ್ಣ ನಗು. "ಆಯ್ತು, ನಡೀರಿ ಮನೆಗೆ ಹೋಗನ. ಹುಳಿಗೆ ಉಪ್ಪೇ ಹಾಕಿಲ್ಲ."

ಗರಗರ ಎಂದು ಮುಳ್ಳು ಪ್ಲೇಟಿನ ನಡುವಿಗೆ ಬಂತು. ಮೇಷ್ಟ್ರು ತಮ್ಮ ಪಾದಗಳನ್ನು ನೋಡಿಕೊಳ್ಳುತ್ತಿದ್ದರು. "ಹೌದು, ನಿಂತಿದ್ದೆ. ಅವತ್ತು ಹುಳಿ ಸಪ್ಪೆನೇ ಇತ್ತು. ನಾನು ಮಾತಾಡ್ದೆ ಉಂಡೆ" ಅಂದರು. ಅಷ್ಟು ಹೇಳಿ ಹೆಗಲ ಮೇಲಿನ ಟವಲಿನಿಂದ ಮುಖ ಮುಚ್ಚಿಕೊಂಡರು. ಸಾಬರು ಆಚೆ ತಿರುಗಿ ಏನೋ ತಂತಿ ಸರಿಮಾಡುವವರಂತೆ ನಿಂತರು. ನಾನು ಮುಚ್ಚುಮರೆಯಿಲ್ಲದೆ ಅತ್ತೆ. ಇನ್ನೊಂದು ಸಲ ಹಾಕಲೇ ಎಂದು ಸಾಬರು ಕೇಳಿದ್ದಕ್ಕೆ ಮೇಷ್ಟ್ರು ತಲೆಯಾಡಿಸಿ, "ಬೇಡ. ಕೇಳ್ದೆನಲ್ಲ" ಅಂದರು. ಉಗಾದಿಗೆ ಹದಿನೈದು ದಿನ ಮುಂಚೆ ಅವರ ಬಲಗಿವಿಯೂ ಹೋಯಿತು. ಆ ಮೇಲೆ ನನ್ನನ್ನು ಬೀದಿಯಲ್ಲಿ ಕಂಡಾಗಲೆಲ್ಲ ತಮ್ಮ ಪಾದ ತೋರಿಸಿ ನಗುತ್ತಿದ್ದರು. ತೀರಿಕೊಳ್ಳುವ ಮುಂಚೆ ಪ್ಲೇಟನ್ನು ಟವಲಿನ ಸಮೇತ ನನ್ನ ಕೈಗೆ ಕೊಟ್ಟು ಹೋದರು.

ಆಮೇಲೆ ಸಾಬರಿಗೂ ನನಗೂ ಜಗಳವಿರಲಿಲ್ಲ. ಮೂರು ಸುತ್ತಿನ ಸಿಂಬೆಯಿಂದ ಹಾಡು ಚೆನ್ನಾಗುತ್ತದೋ ಇಲ್ಲವೋ ಎಂಬ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಅವರಿಗೆ ವಯಸ್ಸಾಗಿ ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟ ದಿನ ತಮ್ಮ ಸೂಟ್‌ಕೇಸಿನಂಥ ಪುಟ್ಟ ಪ್ಲೇಯರೊಂದನ್ನು ನನಗೆ ತಂದುಕೊಟ್ಟರು. "ಒಂದು ಮಾತು ಹೇಳ್ತೀನಿ, ಬೈಬೇಡಿ. ಮೂವತ್ತು ವರ್ಷದಿಂದ ನಮ್ಮನೆ ಸೆಟ್ ಕೆಳಗೆ ನಿಮ್ದೇ ಸಿಂಬೆ. ಬೇರೆಯವರ ಕೈಲಿ ತರಿಸಿದ್ದು" ಅಂದರು. "ಮತ್ತೆ ಹಾಡು?" ಎಂದು ಕೇಳಿದೆ. "ಹಾಡಿಗೇನೂ ವ್ಯತ್ಯಾಸ ಇಲ್ಲ. ಕೇಳೋನಿಗೆ ಚೆನ್ನಾಗಿರ್ತದೆ" ಅಂದರು. ಅವತ್ತು ಒಮ್ಮೆ ಒಪ್ಪಿದ್ದನ್ನು ಬಿಟ್ಟರೆ ಆ ಮನುಷ್ಯ ಕೊನೆಯವರೆಗೂ ಸೋಲು ಒಪ್ಪಲಿಲ್ಲ.

ಅದುರು ನಿಂತದ್ದು ಒಂದು ಬುಧವಾರ, ನಾಲ್ಕು ಗಂಟೆಯದ್ದು ಮುಗಿದು ಐದರದ್ದು ಬರಬೇಕಾದ ಹೊತ್ತಿಗೆ. ಬರಲೇ ಇಲ್ಲ. ಜನ ಬೀದಿಗೆ ಬಂದು ಕಾಲು ನೋಡಿಕೊಂಡು ನಿಂತರು. ಕೆಲವರಿಗೆ ತಲೆ ಸುತ್ತಿ ವಾಂತಿಯಾಯಿತು. ಕೆರೆಯ ನೀರು ಕನ್ನಡಿಯಾಯಿತು, ಅದನ್ನು ನೋಡಿ ಎಮ್ಮೆಗಳು ಇಳಿಯಲು ಒಲ್ಲೆ ಅಂದವು. ಎರಡು ತಿಂಗಳಲ್ಲಿ ಹೋಟೆಲಿನಲ್ಲಿ ಕಾಫಿ ಅಂಚಿನವರೆಗೆ ಬಂತು. ನೆಲದ ಮೇಲೆ ಸಾಮಾನು ಇಡುವವರು ಮೊದಮೊದಲು ಆಚೆ ಈಚೆ ನೋಡಿ ಇಡುತ್ತಿದ್ದರು, ಆಮೇಲೆ ಅದೂ ಇಲ್ಲ. ನನ್ನ ಮನೆಯ ಅಟ್ಟದ ಮೇಲೆ ಇನ್ನೂರು ಸಿಂಬೆ ಹಾಗೇ ಉಳಿದವು. ಅಂಗಾಲು ಸುಮ್ಮನಾದ ಮೇಲೆ ಎಷ್ಟು ಹೊತ್ತಾಯಿತೆಂದು ಯಾರನ್ನಾದರೂ ಕೇಳಬೇಕಾಯಿತು. ನನಗಂತೂ ಮನೆಯಲ್ಲಿ ಯಾರೋ ಸತ್ತುಹೋದಂತೆ ಅನ್ನಿಸುತ್ತಿತ್ತು.

ಒಮ್ಮೆ ತಡೆಯಲಾರದೆ ನೀಲಮ್ಮನ ಪ್ಲೇಟನ್ನು ತೆಗೆದೆ. ಒಂದೇ ಸಲ ಉಳಿದಿತ್ತು. ಹಾಕಬೇಕೆಂದು ಟವಲು ಬಿಚ್ಚಿದವಳು ಹಾಕದೆ ಮತ್ತೆ ಸುತ್ತಿಟ್ಟೆ. ನೆಲವೇ ಸತ್ತ ಮೇಲೆ ಅವಳು ನಡುಗಬೇಕಷ್ಟೆ. ಆ ನಡುಕ ಕೇಳುವ ಶಕ್ತಿ ನನಗಿರಲಿಲ್ಲ.

ಹೋದ ವರ್ಷದಿಂದ ನನ್ನ ಕೈ ನಡುಗುತ್ತದೆ. ಎಪ್ಪತ್ತಾರು ಆಯಿತಲ್ಲ. ದೊಡ್ಡಾಸ್ಪತ್ರೆಯ ಹುಡುಗಿ ಡಾಕ್ಟರು ನನ್ನ ಕೈ ಹಿಡಿದು, ಬೆರಳು ಮುಟ್ಟಿಸಿ, ನಡೆಸಿ ನೋಡಿದಳು. "ನರದ್ದು ಅಜ್ಜಿ. ಹೆದರ್ಬೇಡಿ, ಈ ಮಾತ್ರೆ ತಗೊಂಡ್ರೆ ಎಂಟು ದಿನದಲ್ಲಿ ನಿಲ್ಲುತ್ತೆ" ಅಂದಳು. ಒಳ್ಳೆಯ ಹುಡುಗಿ. ಮನೆಗೆ ಬಂದು ಮಾತ್ರೆಯ ಪೊಟ್ಟಣವನ್ನು ಕಿಟಕಿಯಲ್ಲಿಟ್ಟು, ಗೋಡೆಗೊರಗಿ ಕೂತು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಸ್ಕೂಲಿನ ಬೆಲ್ಲು ಹೊಡೆಯಿತು. ಬಲಗೈ ನೋಡಿದೆ. ಎರಡು ದಪ್ಪ, ಒಂದು ಸಣ್ಣ. ಎಡಗೈ ನೋಡಿದೆ. ಅದೂ ಹಾಗೇ. ಆ ದಿನವೆಲ್ಲ ಕೈ ನೋಡುತ್ತಲೇ ಕೂತೆ. ಒಂದು ಗಂಟೆಗೆ ಸಡಿಲವಾಯಿತು. ಮಾರನೆಯ ಬೆಳಿಗ್ಗೆ ಆರಕ್ಕೆ ಜರಡಿ ಆಡಿಸಿದಂತೆ ಸಣ್ಣಗೆ. "ಅಯ್ಯೋ, ನೀನು ಇಲ್ಲಿದೀಯಾ?" ಎಂದು ಗಟ್ಟಿಯಾಗಿ ಕೇಳಿಬಿಟ್ಟೆ.

ಅಂದು ಹನ್ನೊಂದಕ್ಕೆ ಸಾಬರ ಪುಟ್ಟ ಪ್ಲೇಯರನ್ನು ತೊಡೆಯ ಮೇಲೆ ಇಟ್ಟುಕೊಂಡು, ಟವಲು ಬಿಚ್ಚಿ ನೀಲಮ್ಮನ ಪ್ಲೇಟು ಹಾಕಿ, ಮುಳ್ಳು ಇಳಿಸಿ, ಪ್ಲೇಯರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆಲ್ಲು ಹೊಡೆಯಿತು, ನೀಲಮ್ಮ ಒಂದು ನೂಲೂ ಬಾಗದ ದನಿಯಲ್ಲಿ ಹಾಡಿದಳು, ನಕ್ಕಳು, "ಹುಳಿಗೆ ಉಪ್ಪೇ ಹಾಕಿಲ್ಲ" ಅಂದಳು; ಮಾತ್ರೆಯ ಪೊಟ್ಟಣವನ್ನು ನಾನು ಕಿಟಕಿಯಿಂದ ತೆಗೆಯಲೇ ಇಲ್ಲ.